ನಾನು ಸೈಲೆನ್ಸರ್ ಬದಲಿಸಿದ್ದು

ಕಣಗಲಾದಿಂದ ಮರಳಿ ಬರುವಾಗ, ಹುಕ್ಕೇರಿ ದಾಟಿದ ಮೇಲೆ, ಕಾರಿನ ಅಡಿಯಲ್ಲಿ ಏನೋ ಕಡಿದು ಬಿದ್ದ ಸದ್ದಾಯಿತು. ಮರುಕ್ಷಣವೇ ಇಂಜಿನ್ ಟ್ರ್ಯಾಕ್ಟರಿನ ಹಾಗೆ ಅಬ್ಬರಿಸತೊಡಗಿತು. ರಸ್ತೆಗೆ ಕಬ್ಬಿಣ ಉಜ್ಜುವ ಸದ್ದು ಬೇರೆ. ಕಬ್ಬಿನ ಹೊಲದ ಬದಿಗೆ ನಿಲ್ಲಿಸಿ, ಇಳಿದು ಬಗ್ಗಿ ನೋಡಿದೆ. ಸೈಲೆನ್ಸರಿನ ಕೊಳವೆ ತುಕ್ಕು ತಿಂದು ನಡುವೆ ತುಂಡಾಗಿತ್ತು. ಹಿಂದಿನ ಅರ್ಧ ನೆಲಕ್ಕೆ ಜೋತು ಬಿದ್ದಿತ್ತು.

ಪಕ್ಕದ ಸೀಟಿನಲ್ಲಿ ನನ್ನ ಗಂಡ ಕೂತಿದ್ದರು. ಹಿಂದಿನ ಚಳಿಗಾಲದಲ್ಲಿ ಅವರಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಉಳಿದದ್ದು ಒಂದೇ ಶಬ್ದ, 'ಆತು'. ಹಸಿವಾದರೂ ಆತು, ನೋವಾದರೂ ಆತು, ಸಿಟ್ಟು ಬಂದರೆ ಆತು ಆತು. ತಲೆಯೊಳಗೆ ಎಲ್ಲ ಮಾತೂ ಇವೆ, ಬಾಯಿಗೆ ಬರುವಷ್ಟರಲ್ಲಿ ಎಲ್ಲವೂ ಆ ಒಂದೇ ಶಬ್ದವಾಗಿಬಿಡುತ್ತವೆ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ಕಣಗಲಾದಲ್ಲಿ ಒಬ್ಬರು ಲಕ್ವಾ ಹೊಡೆದವರಿಗೆ ಎಣ್ಣೆ ಹಚ್ಚಿ ತಿಕ್ಕುತ್ತಾರೆ ಎಂದು ಕೇಳಿ ವಾರವಾರ ಕರೆದುಕೊಂಡು ಹೋಗುತ್ತಿದ್ದೆ. ಗುಣವೇನೂ ಕಂಡಿರಲಿಲ್ಲ. ಆದರೆ ಕಾರಿನಲ್ಲಿ ಕೂತು ಹೋಗಿಬರುವಾಗ ಅವರ ಮುಖ ಸ್ವಲ್ಪ ಬಿಚ್ಚಿಕೊಳ್ಳುತ್ತಿತ್ತು. ಅಷ್ಟಕ್ಕಾಗಿಯೇ ಹೋಗುತ್ತಿದ್ದೆ.

ಹೊಲದ ಬೇಲಿಯ ತಂತಿಯ ತುಂಡೊಂದನ್ನು ಬಿಚ್ಚಿ, ಕಾದ ಕೊಳವೆಯನ್ನು ಟವೆಲ್ಲಿನಲ್ಲಿ ಹಿಡಿದು ಹೇಗೋ ಮೇಲಕ್ಕೆತ್ತಿ ಕಟ್ಟಿದೆ. ಅಂಗೈ ಸುಟ್ಟಿತು. ಅಬ್ಬರಿಸುವ ಕಾರನ್ನೇ ನಡೆಸಿಕೊಂಡು ಗೋಕಾಕದ ಕಡೆ ಹೊರಟೆ. ಘಟಪ್ರಭಾ ಹತ್ತಿರ ಬಂದಾಗ ನನಗೆ ತಲೆ ಸಿಡಿಯತೊಡಗಿತು. ಪಕ್ಕಕ್ಕೆ ನೋಡಿದರೆ ಅವರ ತಲೆ ಎದೆಯ ಮೇಲೆ ವಾಲಿತ್ತು.

"ರೀ... ಏನ್ರೀ..." ಎಂದು ಅಲುಗಾಡಿಸಿದೆ. ಕಣ್ಣು ತೆರೆಯಲಿಲ್ಲ.

ಆಗ ತಿಳಿಯಿತು, ಹೊಗೆ ಒಳಗೆ ಬರುತ್ತಿದೆ. ಅವರಿಗೆ ಗಾಳಿ ಬಡಿಯಬಾರದೆಂದು ನಾನು ಗಾಜು ಏರಿಸಿದ್ದೆ. ಗಾಡಿ ನಿಲ್ಲಿಸಿ ಬಾಗಿಲನ್ನೆಲ್ಲ ತೆರೆದು ಮುಖಕ್ಕೆ ನೀರು ಚಿಮುಕಿಸಿದೆ. ತುಸು ಹೊತ್ತಿಗೆ ಕಣ್ಣು ಬಿಟ್ಟು, "ಆತು" ಎಂದರು. ಉಳಿದ ದಾರಿಯನ್ನು ಗಾಜು ಇಳಿಸಿಕೊಂಡು, ಎಮ್ಮೆ ನಡೆಯುವಷ್ಟು ನಿಧಾನವಾಗಿ ಬಂದು ಮನೆ ಮುಟ್ಟಿದೆವು.

ಆ ಕಾರು ನಮ್ಮಲ್ಲಿಗೆ ಬಂದಾಗಲೇ ಹಳೆಯದು. ಅವರು ಅಂಕಲಗಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದರು. ಸುಟ್ಟುಹೋದ ಬೋರಿನ ಮೋಟಾರುಗಳನ್ನು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವರ ಉದ್ಯೋಗ. ದಿನಾಲೂ ಗೋಕಾಕದಿಂದ ಅಂಕಲಗಿಗೆ ಇದೇ ಕಾರಿನಲ್ಲಿ ಹೋಗಿಬರುತ್ತಿದ್ದರು. ಕಾರಿಗೆ ಏನೇ ಆದರೂ ಗ್ಯಾರೇಜಿಗೆ ಒಯ್ದವರಲ್ಲ. ಭಾನುವಾರ ಅಂಗಳದಲ್ಲಿ ಹಳೆಯ ಕೌದಿ ಹಾಸಿ ಅಡಿಗೆ ನುಸುಳಿದರೆಂದರೆ ಹೊರಗೆ ಕಾಣುವುದು ಎರಡು ಪಾದ ಮಾತ್ರ. ನಾನು ಒಳಗೆ ಬ್ಲೌಸ್ ಹೊಲಿಯುತ್ತ ಮಷೀನಿನ ಮುಂದೆ ಕೂತಿರುತ್ತಿದ್ದೆ. ಚಹಾ ತಂದರೆ ಆ ಪಾದಗಳ ಪಕ್ಕ ಇಟ್ಟು ಹೋಗುತ್ತಿದ್ದೆ. ಕಾರು ನಡೆಸಲು ನನಗೆ ಕಲಿಸಿದವರೂ ಅವರೇ. ನಮ್ಮ ಓಣಿಯಲ್ಲಿ ಬೇರೆ ಯಾವ ಹೆಂಗಸೂ ಆಗ ಕಾರು ನಡೆಸುತ್ತಿರಲಿಲ್ಲ.

ಲಕ್ವಾ ಹೊಡೆದ ಮೇಲೆ ಅಂಗಡಿ ಮುಚ್ಚಿತು. ಸಾಮಾನುಗಳನ್ನು ಬೇರೆಯವರು ಒಯ್ದರು. ಅವರದು ಅಂತ ಉಳಿದದ್ದು ಈ ಕಾರು.

ಮರುದಿನ ಗ್ಯಾರೇಜಿನ ಮೆಕ್ಯಾನಿಕನನ್ನು ಮನೆಗೆ ಕರೆಸಿದೆ. ಆತ ಬಗ್ಗಿ ನೋಡಿ, "ಪೂರಾ ಸೆಟ್ಟಽ ಹೋಗೇತ್ರಿ ಅಕ್ಕಾರ. ಟೋಚನ್ ಮಾಡಿ ಗ್ಯಾರೇಜಿಗೆ ಒಯ್ತೇನಿ" ಎಂದು ಹಗ್ಗ ಕಟ್ಟಲು ಹೋದ. ಕಟ್ಟೆಯ ಪಕ್ಕ ಕುರ್ಚಿಯಲ್ಲಿದ್ದ ನನ್ನ ಗಂಡ ಒಮ್ಮೆಲೇ "ಆತು! ಆತು! ಆತು!" ಎಂದು ಕೂಗಿದರು. ಎಡಗೈಯಿಂದ ಕುರ್ಚಿಯ ತೋಳನ್ನು ಬಡಿದರು. ಕೈಗೆ ಸಿಕ್ಕ ಸ್ಟೀಲಿನ ಲೋಟವನ್ನು ಆತನ ಕಡೆ ಎಸೆದರು. ಮೆಕ್ಯಾನಿಕ್ ಹಗ್ಗ ಸುತ್ತಿಕೊಂಡು, "ಇರ್ಲಿ ಬಿಡ್ರಿ, ಅವರಿಗೆ ಆರಾಮ ಆದ ಮ್ಯಾಲ ನೋಡೋಣು" ಎಂದು ಹೊರಟುಹೋದ.

ಆರಾಮ ಆದ ಮೇಲೆ! ಆ ಮಾತು ಕೇಳಿ ಅವರು ಮುಖ ತಿರುಗಿಸಿದರು. ಕಣ್ಣಿನಿಂದ ನೀರು ಇಳಿಯಿತು. ಒಂದೇ ಕಣ್ಣಿನಿಂದ. ಲಕ್ವಾ ಹೊಡೆದ ಮೇಲೆ ಹಾಗೆಯೇ ಆಗುತ್ತಿತ್ತು.

ಆಗ ನಾನು ಅಂದೆ, "ನಾನಽ ಮಾಡ್ತೇನಿ. ನೀವು ಇಲ್ಲೇ ಕುಂತು ಹೇಳ್ರಿ."

ಹೇಗೆ ಹೇಳುತ್ತಾರೆಂದು ಯೋಚಿಸಿರಲಿಲ್ಲ. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಆತು" ಎಂದರು. ಅದು ಹೂಂ ಎಂಬ ಆತು. ಅಷ್ಟು ಗುರುತಿಸಲು ನನಗೆ ಬರುತ್ತಿತ್ತು.

ಸಾಮಾನು ತಂದಾಯಿತು. ಮುಂದಿನ ಪೈಪು, ನಡುವಿನ ಕೊಳವೆ, ಹಿಂದಿನ ಡಬ್ಬಿ, ಪೈಪು ಕೂಡುವಲ್ಲಿ ಕೂರಿಸುವ ಪ್ಯಾಕಿಂಗು, ಜೋತು ಹಾಕುವ ರಬ್ಬರುಗಳು. ಅಂಗಡಿಯವ ಎಲ್ಲವನ್ನೂ ಕಟ್ಟಿಕೊಡುತ್ತ, "ಯಾರ ಕಡಿಂದ ಹಾಕಸ್ತೀರಿ?" ಎಂದು ಕೇಳಿದ. ನಾನು ರೊಕ್ಕ ಎಣಿಸಿಕೊಟ್ಟು ಗಂಟು ಎತ್ತಿಕೊಂಡೆ.

ನಮ್ಮ ಬಾಜೂ ಮನೆಯ ಭಾಬಿ ಸಹಾಯಕ್ಕೆ ಬಂದಳು. ಅವಳ ಗಂಡ ತರಕಾರಿ ವ್ಯಾಪಾರಿ, ಒಂದು ಟೆಂಪೋ ಇಟ್ಟುಕೊಂಡಿದ್ದರು. ಎರಡೂ ಮನೆಯ ನಡುವಿನ ಗೋಡೆ ಎಷ್ಟು ಗಿಡ್ಡ ಎಂದರೆ ಹಿಟ್ಟು, ಸಕ್ಕರೆ, ಮಕ್ಕಳು ಎಲ್ಲವೂ ಅದರ ಮೇಲಿಂದಲೇ ದಾಟಿ ಬೆಳೆದಿದ್ದವು. ಅವಳ ಮಗಳು, ನನ್ನ ಮಗಳು ಈಗ ಇಬ್ಬರೂ ಗಂಡನ ಮನೆಯಲ್ಲಿ. ಭಾಬಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, "ಏನ್ ಹಿಡೀಬೇಕು ಹೇಳ್ರಿ ಅಕ್ಕಾ. ಬುದ್ಧಿ ಕೇಳಬ್ಯಾಡ್ರಿ, ಕೈ ಕೇಳ್ರಿ" ಎಂದು ನಕ್ಕಳು.

ನಾನು ಚೂಡಿದಾರದ ಮೇಲೆ ಅವರ ಹಳೆಯ ಅಂಗಿ ತೊಟ್ಟಿದ್ದೆ. ಅವರನ್ನು ಕಟ್ಟೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಜಾರದಂತೆ ಹೊಟ್ಟೆಯ ಸುತ್ತ ಟವೆಲ್ ಕಟ್ಟಿದೆ. ಅಲ್ಲಿಂದ ಅವರಿಗೆ ಕಾರಿನ ಅಡಿಯ ಭಾಗ ಕಾಣುತ್ತಿತ್ತು.

ಜಾಕ್ ಹಚ್ಚಿ ಮುಂದಿನ ಭಾಗ ಎತ್ತಿದೆ. ಕೆಳಗೆ ಆಸರೆಗೆ ಏನಾದರೂ ಇಡಬೇಕಿತ್ತು. ಕಾಂಪೌಂಡ್ ಕಟ್ಟಿದಾಗ ಉಳಿದ ಸಿಮೆಂಟಿನ ದೊಡ್ಡ ಇಟ್ಟಿಗೆಗಳು ಗೇಟಿನ ಹತ್ತಿರವೇ ಇದ್ದವು. ಎರಡೂ ಬದಿಗೆ ಒಂದರ ಮೇಲೊಂದು ಇಟ್ಟೆ. ಅವರು ಮನೆಯ ಹಿತ್ತಲಿನ ಕಡೆ ಕೈ ತೋರಿಸಿ, "ಆತು, ಆತು" ಎಂದರು.

"ನೀರು ಬೇಕೇನ್ರಿ?" ಎಂದೆ. ಹಿತ್ತಲಲ್ಲಿ ನೀರಿನ ತೊಟ್ಟಿ ಇತ್ತು.

ತಲೆ ಅಲ್ಲಾಡಿಸಿದರು. ಮತ್ತೆ ಕೈ ತೋರಿಸಿದರು.

"ಸಂಡಾಸಕ್ಕ ಹೋಗಬೇಕೇನ್ರಿ?"

ಸಿಟ್ಟಿನಿಂದ ಕುರ್ಚಿ ಬಡಿದರು. ನಾನು ಹಿತ್ತಲಿಗೆ ಹೋಗಿ ಸುತ್ತ ನೋಡಿ ಬಂದೆ. ಒಣಗಿದ ಬಟ್ಟೆ, ನೀರಿನ ತೊಟ್ಟಿ, ಮೂಲೆಯಲ್ಲಿ ಕಟ್ಟಿಗೆ ರಾಶಿ. ಯಾವುದು ಬೇಕೆಂದು ತಿಳಿಯಲಿಲ್ಲ. ಕೊನೆಗೆ ನೀರನ್ನೇ ತಂದು ಕುಡಿಸಿದೆ. ಕುಡಿದರು. ಸೋತವರಂತೆ ಕಣ್ಣು ಮುಚ್ಚಿದರು.

ಕೌದಿ ಹಾಸಿ ಅಡಿಗೆ ಸರಿದೆ. ಅವರ ಎಷ್ಟೋ ಭಾನುವಾರಗಳು ಅಲ್ಲಿ ಕಳೆದಿದ್ದವು. ನಾನು ಒಮ್ಮೆಯೂ ಆ ಜಾಗ ನೋಡಿರಲಿಲ್ಲ. ಮೂಗಿಗೆ ಎರಡು ಗೇಣಿನಷ್ಟು ಮೇಲೆ ಎಣ್ಣೆ ಜಿಡ್ಡು, ಮಣ್ಣು, ಕಪ್ಪು ಕಬ್ಬಿಣ. ನಟ್ಟುಗಳಿಗೆ ಹಿಂದಿನ ದಿನವೇ ಡೀಸೆಲ್ ಸವರಿ ನೆನೆಹಾಕಿದ್ದೆ. ಆದರೂ ಜಂಗು ಹಿಡಿದು ಒಂದೂ ಕದಲಲಿಲ್ಲ. ಸುತ್ತಿಗೆಯಿಂದ ಬಡಿದರೆ ತುಕ್ಕಿನ ಪುಡಿ ಕಣ್ಣಿಗೆ, ಬಾಯಿಗೆ ಉದುರುತ್ತಿತ್ತು.

ನಟ್ಟು ತಿರುಗಿಸಲು ಯಾವ ಪಾನಾ ಹಾಕಬೇಕೆಂದು ತಿಳಿಯದಾದಾಗ ಒಂದೊಂದನ್ನೇ ಎತ್ತಿ ಅಡಿಯಿಂದಲೇ ತೋರಿಸುತ್ತಿದ್ದೆ. ಬೇಡದ್ದಕ್ಕೆ ಸುಮ್ಮನಿರುತ್ತಿದ್ದರು. ಸರಿಯಾದದ್ದು ಬಂದಾಗ, "ಆತು." ಹೀಗೆಯೇ ಒಂದು ಲಯ ಹತ್ತಿತು. ನಟ್ಟು ಕೊಸರಾಡಿ ಕಿರ್ ಎಂದು ಸಡಿಲಾದಾಗ ನಾನು ಅಡಿಯಿಂದ, "ಬಂತ್ರೀ!" ಎಂದು ಕೂಗಿದೆ. ಅವರು ನಕ್ಕರು. ಅರ್ಧ ಬಾಯಿಯ ನಗು, ಆದರೂ ನಗು. ಲಕ್ವಾ ಹೊಡೆದ ಮೇಲೆ ನಾನು ಅದನ್ನು ನೋಡಿರಲಿಲ್ಲ.

"ಅಣ್ಣಾರು ನಕ್ಕರು ಅಕ್ಕಾ!" ಎಂದಳು ಭಾಬಿ. ಅವಳು ಕಾರಿನ ಹಿಂದೆ ಕೂತು ಮುರಿದ ಕೊಳವೆಯ ತುದಿ ಹಿಡಿದಿದ್ದಳು.

ಹಿಂದಿನ ಡಬ್ಬಿ ಕಳಚಿ ಬಂತು. ಮುಂದಿನ ಪೈಪು ಇಂಜಿನ್ನಿಗೆ ಕೂಡುವಲ್ಲಿ ಕೊನೆಯ ನಟ್ಟು ಉಳಿದಿತ್ತು. ಅದಕ್ಕೆ ಪಾನಾ ಹಾಕಿ, ಪಾನಾದ ಹಿಡಿಕೆಗೆ ಸುತ್ತಿಗೆಯಿಂದ ಬಡಿಯುತ್ತಿದ್ದೆ. ಪ್ರತಿ ಏಟಿಗೂ ಇಡೀ ಕಾರು ಅಲುಗುತ್ತಿತ್ತು. ನಟ್ಟು ಸಡಿಲಾದ ಹಾಗಾಯಿತು. ಅದೇ ಹೊತ್ತಿಗೆ ಅವರು, "ಆತು! ಆತು!" ಎಂದರು.

"ಹೂಂ, ಆತ್ರಿ, ಬಂತು" ಎಂದೆ ನಾನು. ನಟ್ಟು ಬಂದದ್ದಕ್ಕೆ ಸಂತೋಷವಾಗಿ ಕೂಗುತ್ತಿದ್ದಾರೆಂದು ತಿಳಿದಿದ್ದೆ.

"ಆತು! ಆತು! ಆತು!"

ನಾನು ಮತ್ತೊಮ್ಮೆ ಪಾನಾಕ್ಕೆ ಬಡಿದೆ. ಆಗ ಧಪ್ ಎಂದು ಏನೋ ಬಿದ್ದ ಸದ್ದಾಯಿತು. ಭಾಬಿ ಚೀರಿದಳು, "ಅಕ್ಕಾ! ಅಣ್ಣಾರು ಬಿದ್ದರು!"

ಹೇಗೆ ಹೊರಗೆ ಬಂದೆನೋ ತಿಳಿಯದು. ಪಾನಾ ಬಿಟ್ಟು ಉರುಳಿ ಹೊರಗೆ ಬಂದೆ. ಅವರು ಕುರ್ಚಿಯ ಸಮೇತ ಬಲಕ್ಕೆ ಬಿದ್ದಿದ್ದರು. ಟವೆಲ್ಲಿನ ಗಂಟು ಬಿಚ್ಚಿರಲಿಲ್ಲ, ಕುರ್ಚಿ ಬೆನ್ನಿಗೆ ಅಂಟಿಕೊಂಡೇ ಇತ್ತು. ನಾನು ಅವರ ತಲೆಗೆ ಕೈ ಹಾಕಿ ಎತ್ತುವಷ್ಟರಲ್ಲಿ ಬೆನ್ನ ಹಿಂದೆ ಸಿಮೆಂಟಿನ ಇಟ್ಟಿಗೆ ಪಟಾರನೆ ಸೀಳಿತು. ಜಾಕ್ ಓರೆಯಾಗಿ, ಕಾರಿನ ಮುಂಭಾಗ ಕೆಳಕ್ಕೆ ಕುಸಿಯಿತು. ಬಿಚ್ಚಿದ್ದ ಪೈಪಿನ ಬಾಯಿ ಕೌದಿಯನ್ನು ಹರಿದುಕೊಂಡು ನೆಲಕ್ಕೆ ನಾಟಿತು. ನನ್ನ ಎದೆ ಇದ್ದ ಜಾಗ ಅದು.

ಮೂವರೂ ಅದನ್ನು ನೋಡಿದೆವು. ಆಮೇಲೆ ಅವರು ನೋವಿನಿಂದ ಕೂಗತೊಡಗಿದರು, ಅದೇ ಒಂದು ಶಬ್ದದಲ್ಲಿ.

ಭಾಬಿಯ ಗಂಡ ಟೆಂಪೋದಲ್ಲಿದ್ದ ಟೊಮೆಟೊ ಬುಟ್ಟಿಗಳನ್ನು ಅಂಗಳಕ್ಕೆ ಇಳಿಸಿ, ಗಾದಿ ಹಾಸಿ, ಅವರನ್ನು ಮಲಗಿಸಿದರು. ಗೋಕಾಕದ ಆಸ್ಪತ್ರೆಯಲ್ಲಿ ಫೋಟೋ ತೆಗೆದು, ಬಲ ತೊಡೆಯ ಎಲುಬು ಮೇಲ್ಗಡೆ ಮುರಿದಿದೆ, ಬೆಳಗಾವಿಗೆ ಒಯ್ಯಿರಿ ಎಂದರು. ಬೆಳಗಾವಿಯಲ್ಲಿ ರಾಡು ಹಾಕಿದರು. ಬಿದ್ದುಹೋದ ಕಾಲೇ ಮುರಿದದ್ದರಿಂದ ಇನ್ನು ನಡೆಯುವ ಮಾತಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಅದಕ್ಕೂ ಮೊದಲು ಗೋಡೆ ಹಿಡಿದು ಹತ್ತು ಹೆಜ್ಜೆ ಹಾಕಲು ಅವರು ಕಲಿತಿದ್ದರು. ಆ ಹೆಜ್ಜೆಗಳು ಅಲ್ಲಿಗೆ ಮುಗಿದವು.

ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ವಾರ್ಡಿನಲ್ಲಿ ಎಲ್ಲರೂ ಊಟಕ್ಕೆ ಹೋದಾಗ, ನಾನು ಬಗ್ಗಿ ಕೇಳಿದೆ. "ಖರೇ ಹೇಳ್ರಿ. ನೀವು ಬಿದ್ದದ್ದೋ, ಬೇಕಂತ ಬಿದ್ದದ್ದೋ?"

ಅವರು ನನ್ನ ಮುಖ ನೋಡಿದರು. "ಆತು" ಎಂದರು. ಅದು ಯಾವ ಆತು ಎಂದು ಆ ಸಲ ನನಗೆ ಗುರುತಿಸಲಾಗಲಿಲ್ಲ. ಇನ್ನೊಮ್ಮೆ ಕೇಳುವ ಧೈರ್ಯವಾಗಲಿಲ್ಲ.

ಮನೆಗೆ ಕರೆತಂದ ಮೇಲೆ ಮಗಳು ಕೆಲ ದಿನ ಬಂದು ಇದ್ದಳು. ಅಂಗಳದಲ್ಲಿ ಮೂಗು ಊರಿ ನಿಂತ ಕಾರನ್ನು ನೋಡಿದಾಗಲೆಲ್ಲ, "ಗುಜರಿಗಿ ಕೊಟ್ಟಬಿಡು ಅವ್ವಾ. ಅದನ್ನ ನೋಡಾಕ ಆಗೂದಿಲ್ಲ ನನಗ" ಎನ್ನುತ್ತಿದ್ದಳು. ನನಗೂ ಹಾಗೆಯೇ ಅನಿಸುತ್ತಿತ್ತು. ಆದರೆ ಗುಜರಿಯವನು ಬಂದು ಗೇಟಿನಲ್ಲಿ ನಿಂತು ಗಾಡಿ ನೋಡಿದ ದಿನ, ಕಿಟಕಿಯ ಹತ್ತಿರ ಹಾಸಿಗೆಯಲ್ಲಿದ್ದ ಅವರು ಎಡಗೈಯಿಂದ ಕಿಟಕಿಯ ಸರಳನ್ನು ಹಿಡಿದರು. ಕೂಗಲಿಲ್ಲ. ಸರಳು ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದರು. ಅವನನ್ನು ಕಳಿಸಿಬಿಟ್ಟೆ.

ಮಗಳು ಊರಿಗೆ ಹೋದ ಮೇಲೆ, ಒಲೆಗೆ ಕಟ್ಟಿಗೆ ತರಲು ಹಿತ್ತಲಿಗೆ ಹೋದಾಗ ರಾಶಿಯ ಅಡಿಯಲ್ಲಿ ಜಾಲಿಯ ದಪ್ಪ ಕೊರಡುಗಳು ಕಂಡವು. ಎಲ್ಲವೂ ಒಂದೇ ಅಳತೆಗೆ ಕೊಯ್ದವು. ಒಂದೊಂದರ ನೆತ್ತಿಯ ಮೇಲೂ ಕಾರಿನ ಅಂಚು ಒತ್ತಿದ ಗುರುತು, ಎಣ್ಣೆಯ ಕಲೆ. ಅವರು ಕೈ ತೋರಿಸಿದ್ದು ಇವುಗಳಿಗೆ. ಸಿಮೆಂಟಿನ ಇಟ್ಟಿಗೆ ಭಾರ ತಡೆಯುವುದಿಲ್ಲ, ಒಮ್ಮೆಲೇ ಸೀಳುತ್ತದೆ ಎಂದು ಅವರಿಗೆ ಗೊತ್ತಿತ್ತು. ಹೇಳಲು ಮಾತಿರಲಿಲ್ಲ. ನಾನು ಆ ಕೊರಡುಗಳ ಪಕ್ಕ ನೆಲದ ಮೇಲೆಯೇ ಕೂತುಬಿಟ್ಟೆ. ಅಳು ಬರಲಿಲ್ಲ.

ಮರುದಿನ ಭಾಬಿಯನ್ನು ಕರೆದೆ. "ಮತ್ತ ಅದನ್ನ ಮುಟ್ಟಬ್ಯಾಡ್ರಿ ಅಕ್ಕಾ, ನಿಮ್ಮ ಕಾಲ ಬೀಳ್ತೇನಿ" ಎಂದಳು. "ಈ ಸಲ ಕೊರಡು ಇಡ್ತೇನಿ" ಎಂದೆ. ಅವಳು ಬಿಕ್ಕುತ್ತಲೇ ಬಂದು ಪೈಪು ಹಿಡಿದಳು. ಕೊರಡುಗಳ ಮೇಲೆ ಕಾರು ಕಲ್ಲಿನಂತೆ ಕೂತಿತು. ಹೊಸ ಪ್ಯಾಕಿಂಗ್ ಇಟ್ಟು ಮುಂದಿನ ಪೈಪು ಕೂರಿಸಿದೆವು. ನಡುವಿನ ಕೊಳವೆ ಜೋಡಿಸಿದೆವು. ರಬ್ಬರುಗಳನ್ನು ಎಳೆದು ಕೊಕ್ಕೆಗೆ ಸಿಕ್ಕಿಸುವಾಗ ಇಬ್ಬರ ಬೆರಳೂ ಸುಲಿದವು. ಮನೆಯೊಳಗಿನಿಂದ ಅವರ ಯಾವ ಸದ್ದೂ ಬರಲಿಲ್ಲ. ಪಾನಾ ಎತ್ತಿ ಯಾರಿಗೂ ತೋರಿಸಲಿಲ್ಲ. ತಪ್ಪಿ ತಪ್ಪಿ ಸರಿಯಾದದ್ದನ್ನು ನಾನೇ ಹುಡುಕಿಕೊಂಡೆ.

ಸಂಜೆ ಚಾವಿ ತಿರುಗಿಸಿದೆ. ಇಂಜಿನ್ ಹತ್ತಿತು. ಅಬ್ಬರವಿರಲಿಲ್ಲ. ಓಣಿಯ ತುದಿಯಲ್ಲಿ ಯಾರೋ ಮೊಸರು ಮಾರುವ ಕೂಗು ಕೇಳುವಷ್ಟು ಮೆತ್ತಗಿತ್ತು. ಇಂಜಿನ್ ಬಂದ್ ಮಾಡದೆಯೇ ಒಳಗೆ ಓಡಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಅವರ ಎಡಗೈಯನ್ನು ಹಿಡಿದೆ. ಅವರು ಹಿಡಿತ ಬಿಗಿ ಮಾಡಿದರು. ನಾನು ಹಾಗೆಯೇ ಕೂತೆ, ಭಾಬಿ ಹೋಗಿ ಚಾವಿ ತಿರುಗಿಸಿ ಬರುವವರೆಗೆ.

ಅದರಿಂದ ಅವರ ಮೈಯಲ್ಲಿ ಏನೂ ಬದಲಾಗಲಿಲ್ಲ. ಮಲಗಿ ಮಲಗಿ ಬೆನ್ನಿನಲ್ಲಿ ಹುಣ್ಣಾದವು. ನಾನು ಎಷ್ಟು ತಿರುಗಿಸಿ ಮಲಗಿಸಿದರೂ, ಎಷ್ಟು ತೊಳೆದರೂ ಅವು ಒಳಗೊಳಗೇ ಕೊರೆದವು. ಊಟ ಬಿಟ್ಟರು. ಮಳೆಗಾಲ ಹಿಡಿದ ಮೇಲೆ ಎದೆಯಲ್ಲಿ ಕಫ ಕಟ್ಟಿತು. ಒಂದು ಬೆಳಿಗ್ಗೆ ನಾನು ಗಂಜಿ ಆರಿಸಿಕೊಂಡು ಬರುವಷ್ಟರಲ್ಲಿ ಉಸಿರು ನಿಂತಿತ್ತು. ಕಾರಿನಲ್ಲಿ ಅವರು ಮತ್ತೆ ಕೂರಲಿಲ್ಲ. ನಾನು ಕೆಟ್ಟ ಸೈಲೆನ್ಸರ್ ಬದಲಿಸಿದ್ದು ಅವರನ್ನು ಕೂರಿಸಿಕೊಂಡು ಹೋಗಲು. ಅದೊಂದು ಆಗಲೇ ಇಲ್ಲ.

ಮಣ್ಣು ಕೊಟ್ಟು ಬಂದ ಮೇಲಿನ ದಿನಗಳಲ್ಲಿ ಭಾಬಿ ನನ್ನ ಮನೆಯಲ್ಲೇ ಇರುತ್ತಿದ್ದಳು. ಬಂದವರೆಲ್ಲ ಹೋದ ಒಂದು ಮಧ್ಯಾಹ್ನ, ಅಡುಗೆಮನೆಯಲ್ಲಿ ಮೆಂತ್ಯ ಸೋಸುತ್ತ ಕೂತಾಗ, ತಲೆ ಎತ್ತದೆ ಹೇಳಿದಳು.

"ಅಕ್ಕಾ, ಅಣ್ಣಾರು ಆವತ್ತ ಬೀಳಲಿಲ್ಲ."

"ಏನಂದ್ರಿ?"

"ನಾ ನೋಡೀನಿ. ಇಟ್ಟಂಗಿ ಬಿರುಕು ಬಿಡಾಕತ್ತಿತ್ತು. ಅವರು ಒದರಿದ್ರು, ನೀವು ಕೇಳಲಿಲ್ಲ. ನನಗೂ ತಿಳೀಲಿಲ್ಲ. ಕಡೀಕ ಛಲೋ ಕಾಲಿಲೆ ಕಟ್ಟಿ ಗ್ವಾಡೀಗಿ ಜೋರ್ ಒದ್ದರು. ಕುರ್ಚಿ ಸಮೇತ ಉರುಳಿದ್ರು. ಒದಿಯೂಮುಂದ ನಿಮ್ಮ ಕಡೇನಽ ನೋಡಾಕತ್ತಿದ್ರು."

ನನ್ನ ಕೈಯಲ್ಲಿದ್ದ ಸೊಪ್ಪು ಹಾಗೆಯೇ ಉಳಿಯಿತು. "ಇಷ್ಟ ದಿನ ಯಾಕ ಹೇಳಲಿಲ್ಲ?"

"ಅವರ ಬೆನ್ನ ತೊಳಿಯೂಮುಂದ ನಿಮ್ಮ ಮುಖ ನೋಡ್ತಿದ್ದೆ. ಇದನ್ನೂ ಹೇಳಿದ್ರ ನೀವು ಏಳ್ತಿದ್ದಿಲ್ಲ. ಅದಕ್ಕ ಹೇಳಲಿಲ್ಲ."

ಆ ಮಾತು ಕೇಳಿ ನನಗೆ ಮೊದಲು ಬಂದದ್ದು ಸಿಟ್ಟು. ಭಾಬಿಯ ಮೇಲಲ್ಲ, ಅವರ ಮೇಲೆ. ನನ್ನನ್ನು ಕೇಳದೆ ಇಂಥ ಲೆಕ್ಕ ಹಾಕಲು ಇವರು ಯಾರು ಎಂಬ ಸಿಟ್ಟು. ಎದ್ದು ಅವರ ಫೋಟೋದ ಮುಂದೆ ನಿಂತು, "ಯಾರ್ ಹೇಳಿದ್ರು ನಿಮಗ? ಯಾರ್ ಹೇಳಿದ್ರು?" ಎಂದು ಕೂಗಿದೆ. ಭಾಬಿ ಬಂದು ಹಿಂದಿನಿಂದ ತಬ್ಬಿ ಹಿಡಿದಳು. ಅಳು ಆಗ ಬಂತು. ಮಣ್ಣು ಕೊಡುವಾಗಲೂ ಬರದ ಅಳು.

ಈಗ ಬ್ಲೌಸ್ ಹೊಲಿಯುವುದನ್ನು ಮತ್ತೆ ಶುರು ಮಾಡಿದ್ದೇನೆ. ಅಸ್ತರು, ಲೇಸು ತರಲು ಮೂಡಲಗಿಯ ಅಂಗಡಿಗೆ ಕಾರಿನಲ್ಲೇ ಹೋಗುತ್ತೇನೆ. ಸುಗ್ಗಿಯಲ್ಲಿ ತುಕ್ಕಾನಟ್ಟಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ಬಹಳ ಹೊತ್ತು ನಿಲ್ಲಬೇಕಾಗುತ್ತದೆ. ಪಕ್ಕದ ಸೀಟು ಖಾಲಿ ಇಟ್ಟರೆ ಕಣ್ಣು ಅತ್ತಲೇ ಹೋಗುತ್ತದೆ. ಅದಕ್ಕೇ ಮನೆಯಿಂದ ಹೊರಡುವಾಗಲೇ ಅದರ ಮೇಲೆ ಬಟ್ಟೆಯ ಗಂಟು ಇಟ್ಟುಕೊಂಡಿರುತ್ತೇನೆ.